ಹಳ್ಳದ ದಡ ಉಳಿಸಿ ಹೆಬ್ಬೇವು ಕಡಿದುಕೊಟ್ಟ ಮದ್ದೂರು ಕಡೆಯ ತಂಡ

ಜಮೀನಿನಲ್ಲಿ ಬೆಳೆಸಿದ ಹೆಬ್ಬೇವು ಮರ ಕಟಾವಿಗೆ ಬಂದಿದೆ, ಯಾರನ್ನು ಕರೆಯೋದು ಅಂತ ಯೋಚಿಸುತ್ತಿದ್ದೀರಾ? ಅದರಲ್ಲೂ ಜಮೀನಿನ ಅಂಚಿಗೆ ಹಳ್ಳ ಇದ್ದರೆ ಇದನ್ನು ಪೂರ್ತಿ ಓದಿ. ಮದ್ದೂರು ಕಡೆಯ ಒಂದು ತಂಡಕ್ಕೆ ನಾನು ಕೆಲಸ ಕೊಟ್ಟಿದ್ದೆ. ಐದಕ್ಕೆ ನಾಲ್ಕು ಸ್ಟಾರ್.

ನಮ್ಮ ಹಳ್ಳ ಶಿಂಷಾ ನದಿಗೆ ಸೇರುತ್ತದೆ. ದಡದಲ್ಲಿ ಹೊಳೆಮತ್ತಿ, ಹೊಂಗೆ, ಅತ್ತಿ, ನೇರಳೆ ಎಲ್ಲ ತಾತನ ಕಾಲದಿಂದ ಇವೆ. ಮೊದಲು ನೋಡಲು ಬಂದ ವ್ಯಾಪಾರಿ, ದಡದ ಮರನೂ ಸೇರಿಸಿ ಒಂದೇ ರೇಟು ಹಾಕ್ತೀನಿ ಎಂದರು. ನಾನು ಒಪ್ಪಲಿಲ್ಲ. ಪಕ್ಕದ ಜಮೀನಿನವರು ಹಾಗೆ ಕಡಿಸಿದ್ದರು, ಬೇರು ಕೊಳೆತ ಮೇಲೆ ಒಂದು ಜೋರು ಮಳೆಗೆ ದಡ ಕುಸಿದು ಬದು ಸಮೇತ ಹಳ್ಳಕ್ಕೆ ಹೋಯಿತು.

ಈ ತಂಡದ ಮೇಸ್ತ್ರಿ ರೇಟು ಮಾತಾಡುವ ಮುಂಚೆ ಹಳ್ಳದುದ್ದಕ್ಕೂ ನಡೆದು ನೋಡಿದರು. ದಡದಿಂದ ಸುಮಾರು 30 ಅಡಿ ಬಿಟ್ಟು ಗೂಟ ಹೊಡೆದು ಹಗ್ಗ ಎಳೆದರು. "ಇದರಾಚೆ ಟ್ರ್ಯಾಕ್ಟರ್ ಇಳಿಯಲ್ಲ ಅಣ್ಣ" ಅಂದರು, ಹಾಗೇ ನಡೆದುಕೊಂಡರು. ಹಗ್ಗಕ್ಕೂ ದಡಕ್ಕೂ ನಡುವೆಯೂ ಒಂದು ಸಾಲು ಹೆಬ್ಬೇವು ಇತ್ತು. ಅದನ್ನು ಬಿಟ್ಟರೆ ನಮಗೆ ನಷ್ಟ ಅಲ್ವಾ? ಒಂದೊಂದು ಮರಕ್ಕೂ ಮೇಲೆ ಹಗ್ಗ ಕಟ್ಟಿ, ಬೀಳಬೇಕಾದ ಕಡೆ ಮೊದಲು ಕಚ್ಚು ಹಾಕಿ, ಆಮೇಲೆ ಹಿಂದಿನಿಂದ ಗರಗಸ ಕೊಟ್ಟು, ಜಮೀನಿನ ಕಡೆಗೇ ಕೆಡವಿದರು. ಹೊಳೆಮತ್ತಿಯ ಒಂದು ಕೊಂಬೆಯೂ ಮುರಿಯಲಿಲ್ಲ. ಬುಡ ಕೀಳಲಿಲ್ಲ, ಯಾಕೆಂದರೆ ಹೆಬ್ಬೇವು ಬುಡದಿಂದಲೇ ಚಿಗುರುತ್ತದೆ, ಬೇರು ಮಣ್ಣನ್ನು ಹಿಡಿದುಕೊಂಡೇ ಇರುತ್ತದೆ. ದಿಮ್ಮಿಗಳನ್ನು ಇಳಿಜಾರಿಗೆ ನೇರವಾಗಿ ಎಳೆಯಲಿಲ್ಲ, ಅಡ್ಡಡ್ಡವಾಗಿ ಎಳೆದರು. ನೇರ ಎಳೆದರೆ ಆ ಜಾಡೇ ಮಳೆಗಾಲದಲ್ಲಿ ಕಾಲುವೆಯಾಗಿ ಮೇಲ್ಮಣ್ಣನ್ನೆಲ್ಲ ಹಳ್ಳಕ್ಕೆ ಹೊತ್ತೊಯ್ಯುತ್ತದೆ.

ದಡದ ಮರ ಸುಮ್ನೆ ನಿಂತಿರಲ್ಲ. ಬೇಸಿಗೆಯಲ್ಲಿ ಗುಂಡಿಗಳಲ್ಲಿ ಉಳಿಯುವ ಸ್ವಲ್ಪ ನೀರಿಗೆ ಅದೇ ನೆರಳು. ನೆರಳು ಹೋದರೆ ನೀರು ಕಾಯುತ್ತದೆ, ಕಾದ ನೀರಲ್ಲಿ ಆಮ್ಲಜನಕ ಕಡಿಮೆ, ಮೀನು ಉಳಿಯೋದು ಕಷ್ಟ. ಉದುರಿದ ಎಲೆ ತಿನ್ನುವ ಹುಳುಗಳೇ ಮೀನಿಗೆ ಆಹಾರ.

ಒಂದು ಸ್ಟಾರ್ ಯಾಕೆ ಕಡಿಮೆ? ಹೇಳಿದ ದಿನಕ್ಕೆ ಬರಲಿಲ್ಲ, ಫೋನೂ ಎತ್ತಲಿಲ್ಲ. ರೆಂಬೆ ಸೊಪ್ಪಿನ ರಾಶಿಯನ್ನು ಹಳ್ಳಕ್ಕೆ ಜಾರುವ ಹಾಗೆ ಅಂಚಿನಲ್ಲೇ ಬಿಟ್ಟು ಹೋಗಿದ್ದರು. ಜೋರಾಗಿ ಹೇಳಿದ ಮೇಲೆ ಬಂದು ತೆಗೆದರು. ಮರಕ್ಕೆ ಅವರು ನಮಗೆ ಟನ್ನಿಗೆ ಕೊಡುವ ರೇಟೂ ಬೇರೆಯವರಿಗಿಂತ ಸ್ವಲ್ಪ ಕಮ್ಮಿ, ಕೈಕೆಲಸ ಜಾಸ್ತಿ ಅಂತ. ದಡ ಕಟ್ಟಿಸಲು ಆಗುವ ಖರ್ಚು ಗೊತ್ತಿರುವವರಿಗೆ ಇದು ನಷ್ಟ ಅನ್ನಿಸಲ್ಲ.

ಇನ್ನೊಂದು ಮಾತು. ನಮ್ಮದೇ ಜಮೀನು ಅಂತ ಯಾವ ಮರ ಬೇಕಾದರೂ ಕಡಿಯೋ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ, ವಿನಾಯಿತಿ ಪಟ್ಟಿಯಲ್ಲಿ ಇಲ್ಲದ ಮರಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇವರು ಆ ವಿಷಯವನ್ನು ತಾವೇ ಎತ್ತಿದರು, ನನಗೆ ಅದು ಹಿಡಿಸಿತು. ಕರೆಸುವುದಾದರೆ ನೆಲ ಒಣಗಿರುವ ಬೇಸಿಗೆಯಲ್ಲೇ ಕರೆಸಿ, ಲೋಡ್ ಹೋಗುವಾಗ ವೇಬ್ರಿಡ್ಜ್‌ಗೆ ಜೊತೆಯಲ್ಲೇ ಹೋಗಿ ತೂಕದ ಚೀಟಿ ಇಸ್ಕೊಳ್ಳಿ.