ಕೌದಿಯೋ ಸ್ಲೀಪಿಂಗ್ ಬ್ಯಾಗೋ? ಲೇಹ್‌ಗೆ ಹೊರಡುವ ಮೊದಲು ಮಲಗಿ ನೋಡಿದ್ದು

ಏಪ್ರಿಲ್ ಬಿಸಿಲಿಗೆ ಕಾದ ಮಾಳಿಗೆ ಮೇಲೆ ಟೆಂಟ್ ಹಾಕಿ ಮಲಗಿದವನನ್ನು ನೋಡಿ ಓಣಿಯವರು ಮುಖ ತಿರುಗಿಸಿ ನಕ್ಕರು. ಅವ್ವ ಮಾತ್ರ ನೇರವಾಗಿ ಕೇಳಿದಳು: “ಮನಿ ಬಿಟ್ಟು ಹೊರಗ ಮಲಗಾಕ ಇಷ್ಟ್ ರೊಕ್ಕ ಸುರಿಬೇಕೇನು?”

ನಮ್ಮದು ವಿಜಯಪುರ. ಊರ ಮಗ್ಗುಲಲ್ಲೇ ಹಾಯುವ 52ನೇ ರಾಷ್ಟ್ರೀಯ ಹೆದ್ದಾರಿ ಅಂಕೋಲಾದಿಂದ ಹೊರಟು ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ ದಾಟಿ ಪಂಜಾಬಿನ ಸಂಗ್ರೂರಿಗೆ ಮುಟ್ಟುತ್ತದೆ. ಹೊಲಕ್ಕೆ ಹೋಗುವಾಗ ದಿನಾ ದಾಟುವ ರಸ್ತೆ ಅಷ್ಟು ದೂರ ಹೋಗುತ್ತದೆ ಅಂತ ಗೊತ್ತಾದ ದಿನವೇ ನನ್ನ ತಲೆ ಕೆಟ್ಟಿತು. ಸಂಗ್ರೂರಿನಿಂದ ಮುಂದೆ ಮನಾಲಿ, ಮನಾಲಿಯಿಂದ ಲೇಹ್. ಸೆಪ್ಟೆಂಬರ್‌ನಲ್ಲಿ ಹೊರಡುವುದು, ಹೋಗಿ ಬರಲು 24 ದಿನ. ಬೈಕು 150 ಸಿಸಿಯದು. ಅದರ ಹಿಂದಿನ ಸೀಟಿನ ಮೇಲೆ ಎಷ್ಟು ಹೇರಬಹುದು ಅನ್ನುವುದು ನಿಮಗೂ ಗೊತ್ತು. ಹಾಗಾಗಿ ಮಲಗುವ ಸಾಮಾನಿಗೆಲ್ಲ ಸೇರಿ 6 ಕೆಜಿ ಅಂತ ಮಿತಿ ಹಾಕಿಕೊಂಡೆ. ಹಿಂದಿನ ಡಿಸೆಂಬರ್‌ನಿಂದಲೇ ಕೆಲವನ್ನು ಕೊಂಡು, ಕೆಲವನ್ನು ಗೆಳೆಯರಿಂದ ಎರವಲು ತಂದು, ಒಂದೊಂದರಲ್ಲೂ ಮಲಗಿ ನೋಡಿದೆ. ತೂಕ ನೋಡಿದ್ದು ಮೂಲೆಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ. ಡಬ್ಬದ ಮೇಲೆ ಬರೆದ ತೂಕ ಮತ್ತು ತಕ್ಕಡಿಯ ತೂಕ ಒಂದು ಸಲವೂ ಕೂಡಿ ಬರಲಿಲ್ಲ.

ಮೊದಲು ಸೂರಿನ ವಿಷಯ. ನನ್ನ ಮುಂದೆ ಮೂರು ಇದ್ದವು: ಒಂದೇ ಪದರದ ಅಗ್ಗದ ಟೆಂಟ್, ಎರಡು ಪದರದ ಡೋಮ್ ಟೆಂಟ್, ಮತ್ತೆ ಹ್ಯಾಮಕ್, ಅಂದರೆ ಮರಕ್ಕೆ ಕಟ್ಟುವ ಜೋಲಿ.

ಜೋಲಿಯ ಮೇಲೆ ನನಗೆ ತುಂಬಾ ಆಸೆ ಇತ್ತು. ಒಂದು ಕೆಜಿಯೂ ಇಲ್ಲ, ನೆಲದ ಕಲ್ಲು ಮುಳ್ಳಿನ ಚಿಂತೆ ಇಲ್ಲ. ತಿಕೋಟಾ ಕಡೆಯ ನೆಂಟರ ದ್ರಾಕ್ಷಿ ತೋಟದ ಬದುವಿನಲ್ಲಿ ಎರಡು ಬೇವಿನ ಮರಕ್ಕೆ ಕಟ್ಟಿ ಮಧ್ಯಾಹ್ನ ಮಲಗಿದೆ. ಅಂಥ ನಿದ್ದೆ ಜೀವನದಲ್ಲಿ ಮಾಡಿಲ್ಲ. ರಾತ್ರಿಯೂ ಅಲ್ಲೇ ಉಳಿದೆ. ಬೆಳಗಿನ ಜಾವ ಎರಡಕ್ಕೆ ಬೆನ್ನು ಮಂಜುಗಡ್ಡೆ! ಮೇಲೆ ಹೊದ್ದದ್ದು ಬೆಚ್ಚಗೇ ಇತ್ತು. ಬೆನ್ನ ಕೆಳಗಿನ ಬಟ್ಟೆ ಮೈ ಭಾರಕ್ಕೆ ಚಪ್ಪಟೆಯಾಗಿತ್ತು, ಅದರ ಕೆಳಗೆ ಗಾಳಿ ಬೀಸುತ್ತಿತ್ತು. ಅದೂ ಹೋಗಲಿ, ಮನಾಲಿ ದಾಟಿ ಮೇಲೇರಿದಂತೆ ಮರಗಳೇ ಇಲ್ಲ. ಜೋಲಿಯನ್ನು ಬೈಕಿನ ಹ್ಯಾಂಡಲ್‌ಗೆ ಕಟ್ಟಲಿಕ್ಕಾಗುತ್ತದಾ? ಮಡಚಿ ತೋಟದಲ್ಲೇ ಬಿಟ್ಟು ಬಂದೆ. ನೆಂಟರ ಮಕ್ಕಳು ಈಗಲೂ ಅದರಲ್ಲಿ ಜೀಕುತ್ತಿವೆ.

ಅಗ್ಗದ ಟೆಂಟ್ ಗೆಳೆಯನದು, 1.6 ಕೆಜಿ. ಅದನ್ನು ಪರೀಕ್ಷೆ ಮಾಡಲು ವಿಜಯಪುರದ ಮಳೆ ಸಾಲದು. ಜುಲೈನಲ್ಲಿ ಖಾನಾಪುರ ದಾಟಿ ಜಾಂಬೋಟಿ ಕಡೆ ಪರಿಚಯದವರ ತೋಟಕ್ಕೆ ಹೋದೆ. ಎರಡೂ ಟೆಂಟ್‌ಗಳನ್ನು ಪಕ್ಕಪಕ್ಕ ಹಾಕಿ ಒಂದು ರಾತ್ರಿ ಇದರಲ್ಲಿ, ಒಂದು ರಾತ್ರಿ ಅದರಲ್ಲಿ ಮಲಗಿದೆ. ಬೆಳಿಗ್ಗೆ ಏಳುವಾಗ ಅಗ್ಗದ ಟೆಂಟ್‌ನ ಒಳಗೋಡೆ ತೊಪ್ಪೆಯಾಗಿ, ಹನಿ ಮುಖದ ಮೇಲೆ ಬೀಳುತ್ತಿತ್ತು. ಸೋರುತ್ತಿದೆ ಅಂತ ಬೈದೆ. ಆಮೇಲೆ ನೋಡಿದರೆ ಹೊಲಿಗೆಯ ಹತ್ತಿರ ಸ್ವಲ್ಪ ಸೋರಿದ್ದು ನಿಜ, ಉಳಿದ ನೀರೆಲ್ಲ ನನ್ನದೇ ಉಸಿರು. ರಾತ್ರಿಯಿಡೀ ಬಿಟ್ಟ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿತ್ತು. ಎರಡು ಪದರದ ಟೆಂಟ್‌ನಲ್ಲಿ ಒಳಗಿನದು ಜಾಲರಿ. ತೇವ ಅದನ್ನು ದಾಟಿ ಹೊರಗಿನ ಹೊದಿಕೆಯ ಮೇಲೆ ಕೂರುತ್ತದೆ, ನಿಮ್ಮ ಮೈ ಮೇಲಲ್ಲ. ಒಂದೇ ರಾತ್ರಿಯಾದರೆ ಸಹಿಸಬಹುದು. ದಿನಾ ಬೆಳಿಗ್ಗೆ ಒದ್ದೆ ಸಾಮಾನು ಮಡಚಿ 300 ಕಿಲೋಮೀಟರ್ ಓಡಿಸುವವನಿಗೆ ಅದು ಆಗುವ ಮಾತಲ್ಲ.

ಟೆಂಟ್ ಬಟ್ಟೆಯ ಮೇಲೆ 1500 ಎಂಎಂ, 3000 ಎಂಎಂ ಅಂತ ಬರೆದಿರುತ್ತಾರಲ್ಲ, ಅದು ದಪ್ಪದ ಲೆಕ್ಕ ಅಲ್ಲ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ತೊಟ್ಟಿಕ್ಕುವುದಿಲ್ಲ ಅಂತ ಅರ್ಥ. ಮೇಲಿನ ಹೊದಿಕೆಗಿಂತ ನೆಲದ ಬಟ್ಟೆಗೆ ದೊಡ್ಡ ಅಂಕಿ ಇರಬೇಕು. ಒದ್ದೆ ನೆಲದ ಮೇಲೆ ನಿಮ್ಮ ಮೊಣಕಾಲು ಒತ್ತಿದಾಗ ನೀರು ಕೆಳಗಿನಿಂದ ಏರುತ್ತದೆ. ನಾನು ಕೊಂಡ ಡೋಮ್‌ಗೆ ಮೇಲೆ 2000, ಕೆಳಗೆ 3000. ತೂಕ 2.9 ಕೆಜಿ. ಕೋಲುಗಳನ್ನು ಮಡಚಿದರೆ 45 ಸೆಂಟಿಮೀಟರ್. ಬೈಕಿನವರು ತೂಕಕ್ಕಿಂತ ಮೊದಲು ಈ ಉದ್ದವನ್ನೇ ಕೇಳಿ. ಇನ್ನೊಂದು ಅಂಗಡಿಯಲ್ಲಿ ನೋಡಿದ ಟೆಂಟ್‌ನ ಕೋಲು 60 ಇತ್ತು. ಸೀಟಿನ ಮೇಲೆ ಅಡ್ಡ ಕಟ್ಟಿದರೆ ಪಕ್ಕದ ಸ್ಕೂಟರಿನವರ ಮೊಣಕಾಲಿಗೆ ಬಡಿಯುವುದು ಖಂಡಿತ.

ಡೋಮ್ ಆರಿಸಲು ಇನ್ನೊಂದು ಕಾರಣ ನಮ್ಮ ಎರೆ ಮಣ್ಣು. ಗೂಟದ ಬಲದಿಂದಲೇ ನಿಲ್ಲುವ ಟೆಂಟ್‌ಗಳು ಹಗುರ, ಆದರೆ ಡೋಣಿ ಸೀಮೆಯ ಹೊಲದಲ್ಲಿ ಗೂಟ ಊರಿ ನೋಡಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಗೂಟ ಅದರಲ್ಲೇ ಮಾಯ. ಮಳೆ ಬಿದ್ದ ಮೇಲೆ ಎರಡು ಬೆರಳಿನಲ್ಲಿ ಎಳೆದರೆ ಬೆಣ್ಣೆಯಿಂದ ಬಂದ ಹಾಗೆ ಬರುತ್ತದೆ. ಜಾಂಬೋಟಿಯ ಕೆಂಪು ಕಲ್ಲು ನೆಲದಲ್ಲಿ ಇದರ ಉಲ್ಟಾ: ಟೆಂಟ್ ಜೊತೆ ಕೊಟ್ಟ ಅಲ್ಯೂಮಿನಿಯಂ ಕಡ್ಡಿಗಳು ಕಲ್ಲಿನ ಏಟಿಗೆ ಡೊಂಕಾದವು. ಡೋಮ್ ಗೂಟ ಇಲ್ಲದೆಯೂ ನಿಲ್ಲುತ್ತದೆ, ಒಳಗೆ ಬ್ಯಾಗ್ ಇಟ್ಟರೆ ಹಾರುವುದಿಲ್ಲ. ಆದರೂ ಗಾಳಿಗೆ ಗೂಟ ಬೇಕೇ ಬೇಕು. ಕಮ್ಮಾರನ ಹತ್ತಿರ 6 ಎಂಎಂ ಸರಳಿನಲ್ಲಿ ಎಂಟು ಗೂಟ ಬಡಿಸಿದೆ. ಅರ್ಧ ಕೆಜಿ ಜಾಸ್ತಿ ಆಯಿತು. ಹಗುರ ಸಾಮಾನಿನ ಹುಚ್ಚಿರುವವರು ಇದನ್ನು ಓದಿದರೆ ಎದೆ ಹಿಡಿದುಕೊಳ್ಳುತ್ತಾರೆ.

ಈಗ ಹಾಸು. ಜನ ಟೆಂಟ್‌ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಹಾಸನ್ನು ಕೊನೆಯ ದಿನ ಸುಮ್ನೆ ಕೊಳ್ಳುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ, ಆ ಜೋಲಿಯ ರಾತ್ರಿ ಬೆನ್ನಿಗೆ ಬುದ್ಧಿ ಕಲಿಸದೇ ಇದ್ದಿದ್ದರೆ.

ಗಾಳಿ ಹಾಸು ನೋಡಲು ಚೆಂದ. ಅರ್ಧ ಕೆಜಿ, ಮಡಚಿದರೆ ನೀರಿನ ಬಾಟಲಿಯಷ್ಟು, ಊದಿದರೆ 7 ಸೆಂಟಿಮೀಟರ್ ದಪ್ಪ. ಮಗ್ಗುಲಾಗಿ ಮಲಗಿದರೂ ಸೊಂಟಕ್ಕೆ ನೆಲ ತಾಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇದರ ಉದ್ದ 183 ಸೆಂಟಿಮೀಟರ್, ನನಗೆ ಚಾಚಿ ಮಿಗುತ್ತದೆ. ಮೂರನೇ ರಾತ್ರಿ ಹೊಲದಲ್ಲಿ ಹಾಸಿದೆ. ನಡುರಾತ್ರಿ ನಿಧಾನಕ್ಕೆ ನೆಲಕ್ಕಿಳಿದೆ. ಬೆಳಿಗ್ಗೆ ಎಮ್ಮೆಗಳ ನೀರಿನ ಬಾನಿಯಲ್ಲಿ ಮುಳುಗಿಸಿ, ಪಂಕ್ಚರ್ ಅಂಗಡಿಯವನ ಹಾಗೆ ಗುಳ್ಳೆ ಹುಡುಕಿದೆ. ನೆಗ್ಗಿಲ ಮುಳ್ಳು, ಟೆಂಟ್‌ನ ತಳವನ್ನೂ ದಾಟಿ ಬಂದಿತ್ತು. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ ಆ ಬಟ್ಟೆಗೆ ಹಿಡಿಯಲೇ ಇಲ್ಲ. ಅದರದೇ ಬೇರೆ ತೇಪೆ ತರಿಸಬೇಕಾಯಿತು. ನೆಗ್ಗಿಲು, ಜಾಲಿ ಇರುವ ನಮ್ಮ ಸೀಮೆಯಲ್ಲಿ ಬರೀ ಗಾಳಿ ಹಾಸು ನಂಬಿ ಹೊರಡುವುದು ಸ್ಟೆಪ್ನಿ ಇಲ್ಲದ ಜೀಪಿನಲ್ಲಿ ಹೊರಟ ಹಾಗೆ.

ಫೋಮ್ ಹಾಸು 400 ಗ್ರಾಂ, ಬೆಲೆ 600 ರೂಪಾಯಿ. ಮುಳ್ಳು ಚುಚ್ಚಿದರೂ ಏನೂ ಆಗುವುದಿಲ್ಲ, ನೀರು ಹೀರುವುದಿಲ್ಲ, ಹಾಗಾಗಿ ಬ್ಯಾಗಿನ ಹೊರಗೇ ಕಟ್ಟಬಹುದು. ಮಳೆಗೆ ತೋಯ್ದರೆ ಒಂದು ಸಲ ಒರೆಸಿದರೆ ಮುಗಿಯಿತು. ಕಷ್ಟ ಅಂದರೆ ಗಾತ್ರ. ಸುತ್ತಿದರೆ ಒನಕೆಯಲ್ಲ, ಒರಳೇ ಕಟ್ಟಿಕೊಂಡ ಹಾಗೆ ಕಾಣುತ್ತದೆ. ಮೊದಲ ಎರಡು ರಾತ್ರಿ ಸೊಂಟ ನೋಯುತ್ತದೆ, ಆಮೇಲೆ ಸೊಂಟವೇ ರಾಜಿಯಾಗುತ್ತದೆ. ತಾನೇ ಉಬ್ಬುವ ಹಾಸು ಅಂತ ಇನ್ನೊಂದಿದೆ. ಅರ್ಧ ತಾನು ಉಬ್ಬುತ್ತದೆ, ಅರ್ಧ ನಾವೇ ಊದಬೇಕು. ನನಗೆ ಸಿಕ್ಕಿದ್ದು ಎರಡೂ ಅಲ್ಲದ ಎಡಬಿಡಂಗಿ, ವಾಪಸ್ ಕೊಟ್ಟೆ.

ಬೆಚ್ಚಗಿನ ಲೆಕ್ಕಕ್ಕೆ ಹಾಸುಗಳ ಮೇಲೆ ಆರ್-ವ್ಯಾಲ್ಯೂ ಅಂತ ಒಂದು ಅಂಕಿ ಇರುತ್ತದೆ. ನೆಲ ನಿಮ್ಮ ಮೈಯ ಬಿಸಿ ಹೀರುವುದನ್ನು ಹಾಸು ಎಷ್ಟು ತಡೆಯುತ್ತದೆ ಅನ್ನುವುದರ ಅಳತೆ ಅದು. ಮಾಮೂಲಿ ಫೋಮ್‌ಗೆ ಸುಮಾರು 2. ಒಳಗೆ ಏನೂ ತುಂಬದ ಬರೀ ಗಾಳಿ ಹಾಸಿಗೆ, ಅಷ್ಟು ದಪ್ಪ ಇದ್ದರೂ, ಅದಕ್ಕಿಂತ ಕಡಿಮೆ. ಒಳಗಿನ ಗಾಳಿ ಸುಮ್ಮನೆ ಇರದೆ ಸುತ್ತುತ್ತಾ ಬಿಸಿಯನ್ನು ನೆಲಕ್ಕೆ ಸಾಗಿಸುತ್ತದೆ. ಡಿಸೆಂಬರ್‌ನ ಒಂದು ರಾತ್ರಿ ಹೊಲದಲ್ಲಿ ಥರ್ಮಾಮೀಟರ್ 11 ಡಿಗ್ರಿ ತೋರಿಸುವಾಗ, ಒಂದೇ ಸ್ಲೀಪಿಂಗ್ ಬ್ಯಾಗ್‌ನಲ್ಲಿ ಅರ್ಧ ರಾತ್ರಿ ಗಾಳಿ ಹಾಸಿನ ಮೇಲೆ, ಅರ್ಧ ರಾತ್ರಿ ಫೋಮ್ ಮೇಲೆ ಮಲಗಿದೆ. ಗಾಳಿ ಹಾಸು ಮೆತ್ತಗೆ, ತಣ್ಣಗೆ. ಫೋಮ್ ಗಟ್ಟಿ, ಬೆಚ್ಚಗೆ. ಎರಡನ್ನು ಒಂದರ ಮೇಲೊಂದು ಹಾಸಿದರೆ ಅಂಕಿಗಳೂ ಕೂಡುತ್ತವೆ. ಮುಳ್ಳಿಗೆ ಕೆಳಗೆ ಫೋಮ್, ಸೊಂಟಕ್ಕೆ ಮೇಲೆ ಗಾಳಿ. ಎರಡೂ ಸೇರಿ ಒಂದು ಕೆಜಿ ಒಳಗೇ. ನನ್ನ ಪೂರ್ತಿ ಹುಡುಕಾಟದಲ್ಲಿ ಖುಷಿ ಕೊಟ್ಟ ಲೆಕ್ಕ ಇದೊಂದೇ.

ಹೊದಿಕೆಗೆ ಬಂದರೆ ಮನೆಯವರೆಲ್ಲ ಕೌದಿಯ ಕಡೆ. ಅಜ್ಜಿ ಹೊಲಿದದ್ದು, ಹಳೇ ಸೀರೆ, ಧೋತರಗಳ ಪದರ, ಮೇಲೆಲ್ಲ ಸಣ್ಣ ಸಣ್ಣ ಹೊಲಿಗೆ. ಹೊದ್ದರೆ ಅದರ ಭಾರಕ್ಕೇ ನಿದ್ದೆ ಬರುತ್ತದೆ. ನಮ್ಮೂರ ಚಳಿಗೆ ಯಾವ ಬ್ಯಾಗೂ ಇದರ ಸಮ ಇಲ್ಲ, ಇದನ್ನು ಮನೆಯ ಅಭಿಮಾನಕ್ಕೆ ಹೇಳುತ್ತಿಲ್ಲ. ಆದರೆ 2.8 ಕೆಜಿ, ಬ್ಯಾಗ್ ಅರ್ಧ ಅದಕ್ಕೇ ಬೇಕು. ಜಾಂಬೋಟಿಯಲ್ಲಿ ಒಂದು ತುದಿ ಒದ್ದೆಯಾದದ್ದು ಎರಡು ದಿನ ಒಣಗಲಿಲ್ಲ. ಕುರುಬರ ಕಂಬಳಿಯನ್ನೂ ಒಯ್ದಿದ್ದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ, ಮಳೆಯಲ್ಲಿ ಕುರಿ ಕಾಯುವವರನ್ನು ನೋಡಿದರೆ ಗೊತ್ತಾಗುತ್ತದೆ ಅಲ್ವಾ? ಚುಚ್ಚುವುದನ್ನು ತಡೆದುಕೊಂಡೆ. ತೋಯ್ದ ಕಂಬಳಿಯ ವಾಸನೆ ಮುಚ್ಚಿದ ಟೆಂಟ್‌ನಲ್ಲಿ ಆಗಲಿಲ್ಲ, ಕುರಿ ಹಟ್ಟಿಯಲ್ಲೇ ಮಲಗಿದ ಹಾಗಾಯಿತು.

ಉಳಿದದ್ದು ಸ್ಲೀಪಿಂಗ್ ಬ್ಯಾಗ್. ಒಂದರ ಮೇಲೆ ದೊಡ್ಡ ಅಕ್ಷರದಲ್ಲಿ ಮೈನಸ್ 10 ಅಂತಿತ್ತು. ಒಳಗಿನ ಚೀಟಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಕಂಫರ್ಟ್ 4 ಡಿಗ್ರಿ. ಐಎಸ್‌ಒ 23537 ಮಾನದಂಡದ ಪ್ರಕಾರ ಪರೀಕ್ಷೆಯಾದ ಬ್ಯಾಗಿನ ಮೇಲೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಅಂಕಿಗಳಿರುತ್ತವೆ. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿದೀತು ಅನ್ನುವ ಅಂಕಿ, ನಿದ್ದೆಯದ್ದಲ್ಲ. ಕಂಫರ್ಟ್ ಒಂದನ್ನೇ ನೋಡಿ. ಹಕ್ಕಿಯ ತುಪ್ಪಳದ ಬ್ಯಾಗ್ ಕೈಯಲ್ಲಿ ಹಿಡಿದರೆ ಮೋಡ ಹಿಡಿದ ಹಾಗೆ ಇತ್ತು, ಆದರೆ ಒದ್ದೆಯಾದರೆ ಮುದ್ದೆಯಾಗಿ ಬಿಸಿ ಕಳೆದುಕೊಳ್ಳುತ್ತದೆ, ಬೆಲೆಯೂ ಮೂರು ಪಟ್ಟು. ನಾನು ಸಿಂಥೆಟಿಕ್ ಕೊಂಡೆ, 1.5 ಕೆಜಿ, ಕಂಫರ್ಟ್ 4. ಒಳಗಿನ ಅಸ್ತರಿಗೆ ಅವ್ವನ ಹಳೇ ಇಳಕಲ್ ಸೀರೆಯನ್ನು ಚೀಲದ ಹಾಗೆ ಹೊಲಿಸಿದೆ. ಟೋಪ್ ತೆನಿ ಸೆರಗು ತಲೆಯ ಕಡೆ ಬಂತು. ಬೆವರು, ಧೂಳೆಲ್ಲ ಅದಕ್ಕೆ. ಒಗೆದರೆ ಒಂದೇ ಬಿಸಿಲಿಗೆ ಒಣಗುತ್ತದೆ.

ಎಲ್ಲ ಸೇರಿ 6.2 ಕೆಜಿ. ಕಬ್ಬಿಣದ ಗೂಟಗಳದೇ ತಪ್ಪು.

ದಾರಿಯಲ್ಲಿ ಮೊದಲು ಕೈಕೊಟ್ಟದ್ದು ಇದ್ಯಾವುದೂ ಅಲ್ಲ, ರಬ್ಬರ್ ಬಂಜಿ ಹಗ್ಗ. ಬೀಡ್ ದಾಟಿದ ಮೇಲೆ ಹಿಂದೆ ಬರುತ್ತಿದ್ದ ಲಾರಿಯವ ಹಾರ್ನ್ ಮೇಲೆ ಹಾರ್ನ್ ಹೊಡೆದ. ತಿರುಗಿ ನೋಡಿದರೆ ಹುಕ್ ಕಳಚಿ ಸ್ಲೀಪಿಂಗ್ ಬ್ಯಾಗ್ ಚಕ್ರದ ಪಕ್ಕ ಜೋತಾಡುತ್ತಿತ್ತು. ಮುಂದಿನ ಊರಿನಲ್ಲೇ ಬಕಲ್ ಇರುವ ನೈಲಾನ್ ಪಟ್ಟಿ ಕೊಂಡೆ.

ಇಂದೋರ್, ಕೋಟಾ ಕಡೆ ಟೆಂಟ್ ಹಾಕುವ ಪ್ರಶ್ನೆಯೇ ಬರಲಿಲ್ಲ. ರಾತ್ರಿಯೂ ಸೆಕೆ, ಧಾಬಾದ ಹೊರಸಿನ ಮೇಲೆ ಸೀರೆಯ ಚೀಲ ಒಂದೇ ಸಾಕಾಯಿತು. ಟೆಂಟ್ ಬಿಚ್ಚಿದ್ದು ಅಟಲ್ ಸುರಂಗ ದಾಟಿದ ಮೇಲೆ, ಜಿಸ್ಪಾದಲ್ಲಿ, ಭಾಗಾ ನದಿಯ ಮಗ್ಗುಲಲ್ಲಿ. ಆ ರಾತ್ರಿ ಸುಸ್ತಿಗೆ ಫೋಮ್ ಬಿಚ್ಚುವುದೇ ಬೇಡ ಅಂತ ಬೈಕಿನ ಮೇಲೇ ಬಿಟ್ಟೆ. ನಡುರಾತ್ರಿ ನಡುಗುತ್ತಾ ಎದ್ದು, ಕತ್ತಲಲ್ಲಿ ಪಟ್ಟಿ ಬಿಚ್ಚಿ ತಂದು ಹಾಸಿದೆ. ಮರುದಿನ ಸರ್ಚು, ಸುಮಾರು 4,300 ಮೀಟರ್ ಎತ್ತರ. ಧಾಬಾದವರನ್ನು ಕೇಳಿ ಅವರ ಡೇರೆಯ ಮರೆಯಲ್ಲಿ ಟೆಂಟ್ ಹಾಕಿದೆ. ಟೆಂಟ್ ಒಳಗೇ ಮೈನಸ್ 3. ಎರಡೂ ಹಾಸು, ಮೈ ಮೇಲೆ ಇದ್ದ ಬಟ್ಟೆಯೆಲ್ಲ, ಕಾಲಿಗೆ ರೈಡಿಂಗ್ ಜಾಕೆಟ್, ತೊಡೆಗಳ ನಡುವೆ ಬಿಸಿ ನೀರಿನ ಬಾಟಲಿ. ಚಳಿ ಆಗಲಿಲ್ಲ. ಕಬ್ಬಿಣದ ಗೂಟಗಳಲ್ಲಿ ಒಂದು ಮಾತ್ರ ಬಾಗಿತು, ಗಾಳಿಗೆ ಟೆಂಟ್ ಪಟಪಟ ಅಂದರೂ ಜಾಗ ಬಿಡಲಿಲ್ಲ. ಆದರೆ ನಿದ್ದೆ ಬಂದದ್ದು ಮೂರು ತಾಸು ಅಷ್ಟೇ. ಎತ್ತರದ ತಲೆನೋವಿಗೆ ಯಾವ ಅಂಗಡಿಯಲ್ಲೂ ಹಾಸು ಮಾರುವುದಿಲ್ಲ. ಅಲ್ಲಿ ಉಳಿದದ್ದೇ ನನ್ನ ತಪ್ಪು, ಜಿಸ್ಪಾದಲ್ಲೇ ಇನ್ನೊಂದು ದಿನ ಇದ್ದು ಮೈ ಒಗ್ಗಿಸಿಕೊಳ್ಳಬೇಕಿತ್ತು.

ಊರಿಗೆ ಬಂದ ಮೇಲೆ ಅವ್ವ ಲೆಕ್ಕ ಕೇಳಿದಳು. ಸಾಮಾನಿಗೆ 12,600 ರೂಪಾಯಿ, ಟೆಂಟ್‌ನಲ್ಲಿ ಮಲಗಿದ್ದು 23ರಲ್ಲಿ 8 ರಾತ್ರಿ. “ಅಷ್ಟ್ ರೊಕ್ಕದಾಗ ಎಂಟ ದಿನ ಲಾಡ್ಜಿನ್ಯಾಗ ಅರಸನಂಗ ಮಲಗಬೋದಿತ್ತಲ್ಲೋ” ಅಂದಳು. ಉತ್ತರ ಕೊಡಲಿಲ್ಲ. ಈಗ ಫೋಮ್ ಹಾಸು ಅವಳ ಹತ್ತಿರ ಇದೆ. ಮಾಳಿಗೆ ಮೇಲೆ ಹಪ್ಪಳ ಕಾಯುತ್ತಾ ಕೂರಲು ಹಾಸಿಕೊಳ್ಳುತ್ತಾಳೆ, ಬಿಸಿಲಿಗೆ ನೆಲ ಸುಡುವುದಿಲ್ಲವಂತೆ. ಮುಂದಿನ ಸಲ ಹೋಗುವಾಗ ನಿನಗೆ ಬೇರೆ ಕೊಂಡುಕೋ ಅಂದಿದ್ದಾಳೆ.