ಕಕ್ಕಬ್ಬೆ ಕಡೆಯ ಹೋಮ್‌ಸ್ಟೇ: ಜ್ವರ ಬಂದಾಗ ನೋಡಿಕೊಂಡ ಮನೆ

ತಡಿಯಂಡಮೋಳ್ ಹತ್ತಬೇಕು ಅಂತ ಹೋದವರು ನಾವು. 1748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಆದರೆ ಹೋದ ರಾತ್ರಿಯೇ ನನಗೆ ಚಳಿಜ್ವರ ಬಂತು, ಬೆಟ್ಟವನ್ನು ಕಿಟಕಿಯಿಂದ ನೋಡಿದ್ದಷ್ಟೇ.

ಅದಕ್ಕೇ ಈ ಮನೆಯ ಬಗ್ಗೆ ಬರೆಯಲೇಬೇಕು. ಯಜಮಾನರು ಮಳೆಯಲ್ಲೇ ಜೀಪ್ ತೆಗೆದು ನಾಪೋಕ್ಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಡೀಸೆಲ್‌ಗೆ ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಆಂಟಿ ಅಂತೂ "ನೀವು ಏಳಬೇಡಿ, ಗಂಜಿ ಇಲ್ಲಿಗೇ ತರ್ತೀನಿ" ಅಂತ ರೂಮಿಗೇ ತಂದರು. ಜೊತೆಗೆ ಕರಿಮೆಣಸು, ಶುಂಠಿ, ಬೆಲ್ಲ ಹಾಕಿ ಕುದಿಸಿದ ಕಷಾಯ. ಗಂಟಲು ಉರಿಯುವಷ್ಟು ಖಾರ, ಆದರೆ ಕುಡಿದ ಮೇಲೆ ಎದೆ ಹಗುರಾಯಿತು.

ಆ ಮೆಣಸು ಅವರ ತೋಟದ್ದೇ. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರಗಳಿಗೆ ಬಳ್ಳಿ ಹಬ್ಬಿಸಿರುತ್ತಾರೆ, ಹಸಿರು ಕಾಯಿ ಕೊಯ್ದು ಬಿಸಿಲಲ್ಲಿ ಒಣಗಿಸಿದರೆ ಸುಕ್ಕಾಗಿ ಕಪ್ಪಾಗುತ್ತದೆ. ಹೊರಡುವಾಗ ಒಂದು ಸಣ್ಣ ಬಾಟಲಿ ಕೊಂಡೆ. ಈಗಲೂ ಸಾರಿಗೆ ಜಜ್ಜುವಾಗ ಆ ರೂಮು, ಹೆಂಚಿನ ಮೇಲಿನ ಮಳೆ, ಆಂಟಿಯ ಸ್ಟೀಲ್ ಲೋಟ ಎಲ್ಲಾ ನೆನಪಾಗುತ್ತದೆ. ಅಂಗಡಿ ಮೆಣಸಿಗೆ ಆ ಘಾಟು ಎಲ್ಲಿದೆ ಹೇಳಿ!

ಕೊರತೆ ಇಲ್ವಾ ಅಂದ್ರೆ ಇದೆ. ಮೊಬೈಲ್ ಸಿಗ್ನಲ್ ಸಿಗುವುದೇ ಕಷ್ಟ, ಮಳೆಗಾಲದಲ್ಲಿ ಕರೆಂಟ್ ಆಗಾಗ ಹೋಗುತ್ತದೆ. ಬಾತ್‌ರೂಮ್ ನೆಲ ಸ್ವಲ್ಪ ಜಾರುತ್ತದೆ, ವಯಸ್ಸಾದವರು ಇದ್ದರೆ ಹುಷಾರು. ಊಟ ಮಾತ್ರ ಸೂಪರ್. ಹುಷಾರಾದ ಮೇಲೆ ತಿಂದ ಕಡಂಬುಟ್ಟು (ಅಕ್ಕಿತರಿಯ ಉಂಡೆ ಕಡುಬು), ಕೋಳಿಸಾರಿಗೋಸ್ಕರವಾದರೂ ಮತ್ತೆ ಹೋಗುತ್ತೇನೆ. ಮಾತ್ರೆ, ಟಾರ್ಚ್ ಮನೆಯಿಂದಲೇ ತೆಗೆದುಕೊಂಡು ಹೋಗಿ. ಮೆಣಸು ಬೇಕಿದ್ದರೆ ಮೊದಲೇ ಹೇಳಿಡಿ, ಇದ್ದರೆ ತೂಗಿ ಕೊಡುತ್ತಾರೆ.