ಬಿ.ಎಚ್. ರಸ್ತೆಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ರೆಸ್ಯೂಮ್

ನನ್ನ ಅಕ್ಕನ ಮಗಳು ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮುಗಿಸಿ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಗುಣಮಟ್ಟ ತಪಾಸಣೆ ವಿಭಾಗದಲ್ಲಿ ಎರಡು ವರ್ಷ ದುಡಿದವಳು. ಎಂಟು ತಿಂಗಳಿನಿಂದ ಬೆಂಗಳೂರಿನ ಕಂಪನಿಗಳಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕುತ್ತಲೇ ಇದ್ದರೂ ಒಂದು ಕಡೆಯಿಂದಲೂ ಕರೆ ಬಂದಿರಲಿಲ್ಲ. ಪರಿಚಯದವರೊಬ್ಬರು ಹೇಳಿದ ಮೇಲೆ, ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯ ಪುಟ್ಟ ಡಿಟಿಪಿ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದೆ. ನಡೆಸುವವರು ಒಬ್ಬ ಮಹಿಳೆ.

ಅವಳ ಹಳೆಯ ರೆಸ್ಯೂಮ್ ಅನ್ನು ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುವ ಬೇರೊಂದು ಅಂಗಡಿಯಲ್ಲಿ ಕೋರೆಲ್‌ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಮಾಡಿಸಿದ್ದೆವು. ಎಡಗಡೆ ನೀಲಿ ಪಟ್ಟಿ, ಫೋಟೊ, ಕೌಶಲಗಳ ಮುಂದೆ ನಕ್ಷತ್ರಗಳು. ನೋಡಲು ಚೆನ್ನಾಗಿಯೇ ಇತ್ತು. ಈ ಮಹಿಳೆ ಆ ಪಿಡಿಎಫ್ ತೆರೆದು, ಮೌಸ್ ಎಳೆದು ಹೆಸರನ್ನು ಆಯ್ಕೆ ಮಾಡಲು ನೋಡಿದರು. ಒಂದಕ್ಷರವೂ ಆಯ್ಕೆಯಾಗಲಿಲ್ಲ. ಮುದ್ರಣಕ್ಕೆ ಕಳಿಸುವಾಗ ಮಾಡುವಂತೆ ಅಕ್ಷರಗಳನ್ನೆಲ್ಲ ಕರ್ವ್‌ಗೆ, ಅಂದರೆ ಬರೀ ಗೆರೆಗಳ ಆಕಾರಕ್ಕೆ, ಬದಲಿಸಿದ್ದರಿಂದ, ನಮ್ಮ ಕಣ್ಣಿಗೆ ಅಕ್ಷರವಾಗಿ ಕಾಣುವುದು ಕಂಪ್ಯೂಟರಿಗೆ ಬರೀ ಚಿತ್ರವಾಗಿತ್ತು. ಕಂಪನಿಗಳು ಬಳಸುವ ಎಟಿಎಸ್ ಎಂಬ ಸಾಫ್ಟ್‌ವೇರ್ ನಾವು ಕಳಿಸಿದ ಕಡತದಿಂದ ಪಠ್ಯವನ್ನು ಹೊರತೆಗೆದು ಹೆಸರು, ಫೋನ್, ಓದು, ಅನುಭವ ಎಂದು ಬೇರೆ ಬೇರೆ ಮನೆಗಳಲ್ಲಿ ತುಂಬಿಕೊಳ್ಳುತ್ತದೆ. ಆಯ್ಕೆ ಮಾಡುವ ಸಿಬ್ಬಂದಿ ಆಮೇಲೆ ತಮಗೆ ಬೇಕಾದ ಪದಗಳನ್ನು ಕೊಟ್ಟು ಅದರಲ್ಲಿ ಹುಡುಕುತ್ತಾರೆ. ಕರೆ ಬಾರದಿದ್ದುದಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಪಠ್ಯವೇ ಇಲ್ಲದ ಕಡತದಲ್ಲಿ ಹುಡುಕುವವರಿಗೆ ಏನು ಸಿಕ್ಕೀತು? ಎಂಟು ತಿಂಗಳು ಆ ಹುಡುಗಿ ತನ್ನಲ್ಲೇ ಏನೋ ಕೊರತೆಯಿದೆಯೆಂದು ಕೊರಗಿದ್ದನ್ನು ಕಂಡ ನನಗೆ ಆ ಕ್ಷಣ ತುಂಬ ಸಂಕಟವಾಯಿತು.

ಹೊಸದನ್ನು ವರ್ಡ್‌ನಲ್ಲಿ, ಟೇಬಲ್ ಇಲ್ಲದೆ, ಒಂದೇ ಅಂಕಣದಲ್ಲಿ ಮಾಡಿದರು. ಪುಟದ ಹೆಡರ್‌ನಲ್ಲಿ ಬರೆದದ್ದನ್ನು ಕೆಲವು ಸಾಫ್ಟ್‌ವೇರ್‌ಗಳು ಓದದೆ ಬಿಡುತ್ತವೆಂದು ಫೋನ್ ನಂಬರನ್ನು ಕೆಳಗಿಳಿಸಿದರು. ನಕ್ಷತ್ರಗಳನ್ನು ತೆಗೆದು, ಅವಳು ದಿನವೂ ಮಾಡುತ್ತಿದ್ದ ಕೆಲಸವನ್ನೇ ಕೇಳಿ ಕೇಳಿ ಬರೆದರು: ಮಲ್ಟಿಮೀಟರ್ ಹಿಡಿದು ಬೋರ್ಡ್ ಪರೀಕ್ಷಿಸುವುದು, ಸೋಲ್ಡರಿಂಗ್ ದೋಷ ಗುರುತಿಸುವುದು, ತಪಾಸಣೆಯ ದಾಖಲೆ ಇಡುವುದು. ಹುಡುಕುವವರು ಯಾವ ಪದ ಕೊಡುತ್ತಾರೋ ತಿಳಿಯದ ಕಾರಣ ಪಿಸಿಬಿ ಎಂಬ ಹ್ರಸ್ವರೂಪದ ಜೊತೆಗೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ಎಂಬ ಪೂರ್ಣರೂಪವನ್ನೂ ಸೇರಿಸಿದರು. ನಮ್ಮ ಕಡೆಯ ಹೆಸರುಗಳಲ್ಲಿ ಇನಿಶಿಯಲ್ ಮುಂದೆ ಬರುವುದರಿಂದ ಅದನ್ನೇ ಮೊದಲ ಹೆಸರೆಂದು ಸಾಫ್ಟ್‌ವೇರ್ ತಿಳಿದುಕೊಳ್ಳಬಹುದೆಂದು, ಅಂಕಪಟ್ಟಿಯ ಕಾಗುಣಿತವನ್ನು ಬದಲಿಸದೆ ಇನಿಶಿಯಲ್ಲನ್ನು ಹೆಸರಿನ ಹಿಂದಕ್ಕೆ ಹಾಕಿದರು. ನನಗೆ ಎಂದೂ ಹೊಳೆಯದಿದ್ದ ಇನ್ನೊಂದು ಸಂಗತಿ ಊರಿನ ಹೆಸರು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ತುಮಕೂರು, ಬೆಂಗಳೂರು ಎಂದೇ ಬರೆಯಬೇಕಾಗಿದ್ದರೂ ಹಳೆಯ ಟುಮ್ಕೂರ್, ಬ್ಯಾಂಗಲೋರ್ ರೂಪಗಳು ಇನ್ನೂ ಬಳಕೆಯಲ್ಲಿವೆ. ಆದ್ದರಿಂದ ಎರಡೂ ರೂಪಗಳು ಒಂದೊಂದು ಕಡೆ ಬರುವಂತೆ ನೋಡಿಕೊಂಡರು.

ಕಂಪನಿಯೊಂದರ ಜಾಹೀರಾತಿನಲ್ಲಿ ಪಿಎಲ್‌ಸಿ ಪ್ರೋಗ್ರಾಮಿಂಗ್ (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ನಿಯಂತ್ರಕಕ್ಕೆ ಪ್ರೋಗ್ರಾಮ್ ಬರೆಯುವುದು) ಎಂದಿದ್ದುದನ್ನು ನೋಡಿ, ಅದನ್ನೂ ಸೇರಿಸಿಬಿಡಿ ಎಂದಳು ನಮ್ಮ ಹುಡುಗಿ. "ನಿನಗೆ ಬರುತ್ತೇನಮ್ಮಾ?" ಎಂದು ಕೇಳಿದರು. ಇಲ್ಲವೆಂದಳು. "ಹಾಗಾದ್ರೆ ಬೇಡ. ಇಂಟರ್‌ವ್ಯೂನಲ್ಲಿ ಮೊದಲು ಅದನ್ನೇ ಕೇಳ್ತಾರೆ, ಆಗ ಏನು ಹೇಳ್ತೀಯ?" ಕಣ್ಣಿಗೆ ಕಾಣದೆ ಸಾಫ್ಟ್‌ವೇರ್‌ಗೆ ಮಾತ್ರ ಸಿಗಲೆಂದು ಬಿಳಿ ಬಣ್ಣದಲ್ಲಿ ಪದಗಳನ್ನು ಬಚ್ಚಿಡುವ ಉಪಾಯದ ಬಗ್ಗೆ ನಾನು ಕೇಳಿದಾಗಲೂ ಒಪ್ಪಲಿಲ್ಲ, ಪಠ್ಯವನ್ನು ಹೊರತೆಗೆದಾಗ ಅದು ಕಂಡೇ ಕಾಣುತ್ತದೆ ಎಂದರು. ಎಟಿಎಸ್ ಸ್ಕೋರ್, ಅಂದರೆ ರೆಸ್ಯೂಮ್ ಹುದ್ದೆಗೆ ಎಷ್ಟು ಹೊಂದುತ್ತದೆ ಎಂಬ ಅಂಕ, ಇಷ್ಟು ಬರುತ್ತದೆ ಎಂಬ ಭರವಸೆಯನ್ನೂ ಕೊಡಲಿಲ್ಲ, ಏಕೆಂದರೆ ಒಂದೊಂದು ಕಂಪನಿಯ ಸಾಫ್ಟ್‌ವೇರ್ ಒಂದೊಂದು ಬಗೆಯದಾಗಿದ್ದು ಎಲ್ಲಕ್ಕೂ ಸಲ್ಲುವ ಒಂದೇ ಅಂಕವೆಂಬುದು ಇಲ್ಲ. ಈ ಪ್ರಾಮಾಣಿಕತೆಗಾಗಿಯೇ ನಾನು ಈ ಅಂಗಡಿಯನ್ನು ಮೆಚ್ಚಿದ್ದು.

ಕೊರತೆಗಳೂ ಇವೆ. ಇರುವುದು ಒಂದೇ ಕಂಪ್ಯೂಟರ್. ಪಹಣಿ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಬರುವವರು ನಡುನಡುವೆ ನಿಲ್ಲುತ್ತಿದ್ದುದರಿಂದ ಒಂದು ಗಂಟೆಯ ಕೆಲಸಕ್ಕೆ ಎರಡೂವರೆ ಗಂಟೆ ಹಿಡಿಯಿತು. ಕನ್ನಡದ ಅರ್ಜಿಯನ್ನು ಮಾತ್ರ ಅವರು ಇನ್ನೂ ಹಳೆಯ ನುಡಿ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಇಂಗ್ಲಿಷ್ ರೆಸ್ಯೂಮ್ ವಿಷಯದಲ್ಲಿ ಇಷ್ಟೆಲ್ಲ ಎಚ್ಚರ ವಹಿಸುವವರು ಕನ್ನಡಕ್ಕೂ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಬಳಸಬೇಕೆಂದು ಅವರಿಗೆ ಹೇಳಿಯೇ ಬಂದಿದ್ದೇನೆ.

ಕೊಟ್ಟದ್ದು 300 ರೂಪಾಯಿ. ಮುಗಿದ ಮೇಲೆ ಪಿಡಿಎಫ್‌ನ ಪಠ್ಯವನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ, ಸಾಲುಗಳು ಹಿಂದುಮುಂದಾಗದೆ ಬರುತ್ತವೆಯೇ ಎಂದು ನಮ್ಮೆದುರಿಗೇ ತೋರಿಸಿದರು. ಪ್ರತಿ ಹುದ್ದೆಗೂ ತಕ್ಕಂತೆ ಅವಳೇ ತಿದ್ದಿಕೊಳ್ಳಲೆಂದು ವರ್ಡ್ ಕಡತವನ್ನೂ ಕಳಿಸಿಕೊಟ್ಟರು. ಹಿಂದಿನ ಅಂಗಡಿಯಲ್ಲಿ ಒಂದು ಸಾಲು ತಿದ್ದಿಸಲೂ ಮತ್ತೆ ಹಣ ಕೊಡಬೇಕಿತ್ತು. ಮೂರು ವಾರಗಳಲ್ಲಿ ಎರಡು ಕಂಪನಿಗಳಿಂದ ಕರೆ ಬಂದಿದೆ. ಕೆಲಸ ಇನ್ನೂ ಸಿಕ್ಕಿಲ್ಲ, ಒಂದು ಕಡೆ ಲಿಖಿತ ಪರೀಕ್ಷೆ ಮುಗಿಸಿ ಬಂದಿದ್ದಾಳೆ.

ಹೋಗುವವರು ಮಧ್ಯಾಹ್ನ ಮೂರರ ನಂತರ ಹೋಗಿ, ಆ ಹೊತ್ತಿಗೆ ಜನ ಕಡಿಮೆ. ಅಂಕಪಟ್ಟಿಗಳ ಜೊತೆಗೆ ನೀವು ಅರ್ಜಿ ಹಾಕಬೇಕೆಂದಿರುವ ಹುದ್ದೆಯ ಜಾಹೀರಾತನ್ನೂ ತಪ್ಪದೆ ಒಯ್ಯಿರಿ. ಅವರು ಮೊದಲು ಕೇಳುವುದು ಅದನ್ನೇ.